ಪ್ಲೇಟಿನ ಇನ್ನೊಂದು ಮಗ್ಗಲು

ಫೋನಿನಲ್ಲೇ ಹಾಡು ಕೇಳಿ ಬೆಳೆದವರಿಗೆ ಬಿ-ಸೈಡ್ ಅಂದ್ರೇನು ಅಂತ ಹೇಳೋದು ಸ್ವಲ್ಪ ಕಷ್ಟ. ಆ್ಯಪಿನಲ್ಲಿ ಹಾಡಿಗೆ ಮಗ್ಗಲು ಇರೋದಿಲ್ಲ, ಒಂದು ಮುಗಿದರೆ ಇನ್ನೊಂದು ತಾನೇ ಬರುತ್ತದೆ. ಆದರೆ 45 ಸುತ್ತಿನ ಸಿಂಗಲ್ ಪ್ಲೇಟಿಗೆ ಎರಡು ಮೈ ಇದ್ದವು. ಒಂದು ಮೈಮೇಲೆ, ದುಡ್ಡು ಸುರಿದು ಓಡಿಸಬೇಕು ಅಂತ ಕಂಪನಿ ಅಂದುಕೊಂಡ ಹಾಡು. ಇನ್ನೊಂದನ್ನು ಖಾಲಿ ಬಿಡೋಕಾಗಲ್ಲ, ಏನೋ ಒಂದು ತುಂಬಬೇಕು. ಆ ‘ಏನೋ ಒಂದು’ ಬಿ-ಸೈಡ್.

ಕ್ವೀನ್ ತಂಡದ ಮೇಲೆ 2018ರಲ್ಲಿ ಬಂದ ಸಿನಿಮಾ ನೋಡಿದವರಿಗೆ ಡ್ರಮ್ಮರ್ ರೋಜರ್ ಟೇಲರ್ ಬರೆದ ಕಾರಿನ ಹಾಡಿನ ಜಗಳ ನೆನಪಿರಬಹುದು. ಅದು ತಮಾಷೆ ಅಷ್ಟೇ ಅಲ್ಲ, ಅದರ ಹಿಂದೆ ಲೆಕ್ಕಾಚಾರ ಇದೆ. ಪ್ಲೇಟು ಒಂದೇ, ಮಾರಾಟ ಒಂದೇ, ಹಾಗಾಗಿ ಬಿ-ಸೈಡ್ ಬರೆದವನಿಗೂ ಎ-ಸೈಡ್ ಬರೆದವನಷ್ಟೇ ರಾಯಲ್ಟಿ. ‘ಬೊಹೀಮಿಯನ್ ರ್‍ಯಾಪ್ಸೊಡಿ’ಯನ್ನು ಕೊಂಡವರೆಲ್ಲ ಹಿಂದಿನ ಮೈಯಲ್ಲಿದ್ದ ಟೇಲರ್‌ನ ಹಾಡನ್ನೂ ಕೊಂಡಂಗಾಯ್ತು, ಕೇಳಿದ್ರೋ ಬಿಟ್ರೋ ಅದು ಬೇರೆ ಮಾತು. ಕೆಲವು ಸಲ ಕೇಳುಗರೇ ಪ್ಲೇಟು ಮಗುಚಿ ಕಂಪನಿಯ ತೀರ್ಮಾನ ತಿರುಗಿಸಿಬಿಟ್ಟದ್ದೂ ಉಂಟು. 1971ರಲ್ಲಿ ರಾಡ್ ಸ್ಟುವರ್ಟ್‌ನ ‘ಮ್ಯಾಗಿ ಮೇ’ ಹಿಂದಿನ ಮೈಯಲ್ಲಿ ಬಂದು ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೆ ಹೋಯಿತು. ದಿ ಸ್ಮಿತ್ಸ್ ತಂಡದ ‘ಹೌ ಸೂನ್ ಈಸ್ ನೌ’ 1984ರಲ್ಲಿ 12 ಇಂಚಿನ ಸಿಂಗಲ್ಲಿನ ಹಿಂದುಗಡೆ ಬಂತು. ಈಗ ಆ ತಂಡದ ಹೆಸರು ಹೇಳಿದರೆ ಮೊದಲು ನೆನಪಾಗೋದೇ ಅದು. ಒಯಾಸಿಸ್ 1998ರಲ್ಲಿ ಬರೀ ಬಿ-ಸೈಡ್‌ಗಳನ್ನೇ ಕೂಡಿಸಿ ‘ದಿ ಮಾಸ್ಟರ್‌ಪ್ಲ್ಯಾನ್’ ಅಂತ ಒಂದು ಆಲ್ಬಮ್ಮೇ ಬಿಟ್ಟಿತು.

ಇವೆಲ್ಲ ಗೆದ್ದವರ ಕತೆ. ನನಗೆ ಬೇಕಾದ ಬಿ-ಸೈಡ್ ಬೇರೆ. ಅದು ಲಂಡನ್ನಿನದಲ್ಲ, ಅರ್ಧಕ್ಕಿಂತ ಹೆಚ್ಚು ಮುಂಬೈದು.

1968ರ ಜನವರಿಯಲ್ಲಿ ಜಾರ್ಜ್ ಹ್ಯಾರಿಸನ್ ಒಂದು ಸಿನಿಮಾಕ್ಕೆ ಸಂಗೀತ ಮಾಡಲಿಕ್ಕೆ ಮುಂಬೈಗೆ ಬಂದಿದ್ದ. ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮ ವಾದ್ಯಗಾರರನ್ನು ಕೂಡಿಸಿಕೊಂಡು ಕೆಲಸ ಮಾಡುವಾಗ, ಸಿನಿಮಾಕ್ಕೆ ಸಂಬಂಧ ಇಲ್ಲದ ಒಂದು ಹಾಡಿನ ವಾದ್ಯದ ಭಾಗವನ್ನೂ ಮುದ್ರಿಸಿಕೊಂಡ. ಫೆಬ್ರವರಿಯಲ್ಲಿ ಲಂಡನ್ನಿಗೆ ಹೋಗಿ ಅದರ ಮೇಲೆ ತನ್ನ ದನಿ ಸೇರಿಸಿದ. ಲೆನನ್ ಮತ್ತು ಮೆಕಾರ್ಟ್ನಿ ಬಂದು ಕೊನೆಗೆ ಒಂಚೂರು ದನಿಗೂಡಿಸಿದರು. ಅದೇ ‘ದಿ ಇನ್ನರ್ ಲೈಟ್’. ಮಾರ್ಚ್‌ನಲ್ಲಿ ‘ಲೇಡಿ ಮಡೋನಾ’ ಸಿಂಗಲ್ಲಿನ ಹಿಂದಿನ ಮೈಯಾಗಿ ಬಂತು. ಬೀಟಲ್ಸ್ ಸಿಂಗಲ್ ಮೇಲೆ ಹ್ಯಾರಿಸನ್ ಬರೆದ ಹಾಡು ಬಂದದ್ದು ಅದೇ ಮೊದಲು. ಅಲ್ಲಿಯವರೆಗೆ ಆ ಎರಡೂ ಮೈ ಲೆನನ್-ಮೆಕಾರ್ಟ್ನಿ ಜೋಡಿಯ ಸ್ವಂತ ಹೊಲ ಇದ್ದಂಗೆ ಇತ್ತು.

ಹಾಡು ಇರೋದು 2 ನಿಮಿಷ 36 ಸೆಕೆಂಡು. ಇಯರ್‌ಫೋನ್ ಹಾಕ್ಕೊಂಡು ಕೇಳಿ. ಶುರುವಾಗೋದೇ ಓಟದಲ್ಲಿ: ಸರೋದು, ಶಹನಾಯಿ, ಕೆಳಗಡೆ ಪಖವಾಜು. ಮದುವೆ ದಿಬ್ಬಣ ಓಣಿ ತಿರುಗಿ ಒಮ್ಮೆಲೆ ಎದುರಿಗೆ ಬಂದಂಗೆ. ತಟ್ಟನೆ ಎಲ್ಲ ನಿಂತು ಹಾರ್ಮೋನಿಯಂ ಮತ್ತು ಬಾನ್ಸುರಿಯ ಮೇಲೆ ಹ್ಯಾರಿಸನ್‌ನ ದನಿ ಬರುತ್ತದೆ, ಮೆಲ್ಲಗೆ, ಸ್ವಲ್ಪ ನಾಚಿಕೊಂಡು. ಮತ್ತೆ ಓಟ. ಮತ್ತೆ ದನಿ. ಮಾತು ಚೀನಾದ ‘ತಾವೋ ತೆ ಚಿಂಗ್’ನಿಂದ ತಗೊಂಡದ್ದು, ಆ ಭಾಗ ನೋಡು ಅಂತ ಅವನಿಗೆ ಸೂಚಿಸಿದ್ದು ಕೇಂಬ್ರಿಜ್‌ನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಹ್ವಾನ್ ಮಸ್ಕರೋ. ಬಾಗಿಲು ದಾಟದೆಯೇ ಲೋಕ ತಿಳಿಯಬಹುದು ಅನ್ನೋದು ಅದರ ಭಾವ. ಅದನ್ನು ಮುದ್ರಿಸಲಿಕ್ಕೆ ಮಾತ್ರ ವಿಮಾನ ಹತ್ತಿ ಮುಂಬೈಗೇ ಬರಬೇಕಾಯ್ತು. ಬೀಟಲ್ಸ್ ತಂಡದ ಹೆಸರಲ್ಲಿ ಬಂದ ಸ್ಟುಡಿಯೋ ಹಾಡುಗಳಲ್ಲಿ ಯುರೋಪಿನ ಆಚೆ ಮುದ್ರಣವಾದದ್ದು ಇದೊಂದೇ.

ಇದನ್ನು ಹ್ಯಾರಿಸನ್‌ನ ‘ಇಂಡಿಯನ್ ಹುಚ್ಚಿನ’ ಕೊನೆಯ ತುಣುಕು ಅಂತ ಪಕ್ಕಕ್ಕಿಡೋರು ಇದ್ದಾರೆ. ನಾನು ಒಪ್ಪೋದಿಲ್ಲ. ಅವನ ‘ವಿದಿನ್ ಯು ವಿದೌಟ್ ಯು’ಗಿಂತ ಇದು ಎಷ್ಟೋ ಗಟ್ಟಿ, ಯಾಕಂದ್ರೆ ಇಲ್ಲಿ ಉಪದೇಶ ಕಮ್ಮಿ, ಐದು ನಿಮಿಷ ಎಳೆಯುವ ಹಟವೂ ಇಲ್ಲ. ಆದರೆ ಇದರ ಜೀವ ಇರೋದು ಅವನ ದನಿಯಲ್ಲಲ್ಲ, ಆ ಓಟದಲ್ಲಿ. ಸಂಶಯ ಇದ್ದರೆ ‘ವಂಡರ್‌ವಾಲ್ ಮ್ಯೂಸಿಕ್’ ಆಲ್ಬಮ್ಮಿನ 2014ರ ಮರುಮುದ್ರಣದಲ್ಲಿ ಸೇರಿಸಿರುವ ದನಿ ಇಲ್ಲದ ಟೇಕ್ ಕೇಳಿ ನೋಡಿ. ಹಾಡುಗಾರನನ್ನು ತೆಗೆದರೂ ಹಾಡು ನಿಲ್ಲುತ್ತದೆ. ನುಡಿಸಿದವರನ್ನು ತೆಗೆದರೆ ಉಳಿಯೋದು ಒಂದು ಒಳ್ಳೆಯ ಪೋಸ್ಟರ್ ವಾಕ್ಯ.

ಹಾಗಾದ್ರೆ ನುಡಿಸಿದವರು ಯಾರು? ಹರಿಪ್ರಸಾದ್ ಚೌರಾಸಿಯಾ, ಆಶಿಶ್ ಖಾನ್ ಮುಂತಾದವರು ಅಂತ ಈಗ ಬೀಟಲ್ಸ್ ಮೇಲಿನ ಪುಸ್ತಕಗಳಲ್ಲಿ ಸಿಗುತ್ತದೆ. 1968ರ ಆ ಪ್ಲೇಟಿನ ಲೇಬಲ್ ಮೇಲೆ ಒಬ್ಬರ ಹೆಸರೂ ಇಲ್ಲ. ಆ ಕಾಲದ ಸಿಂಗಲ್‌ಗಳಲ್ಲಿ ವಾದ್ಯಗಾರರ ಹೆಸರು ಹಾಕುವ ರೂಢಿ ಇರಲಿಲ್ಲ, ನಿಜ. ಆದರೆ ರೂಢಿ ಅಂದಕೂಡಲೇ ಲೆಕ್ಕ ಚುಕ್ತಾ ಆಗಿಬಿಡೋದಿಲ್ಲ. ಎಚ್‌ಎಂವಿಯ ಮೂಲ ಕಂಪನಿಯೇ 1902ರಲ್ಲಿ ಕೋಲ್ಕತ್ತಾದಲ್ಲಿ ಗೌಹರ್ ಜಾನ್ ಅವರನ್ನು ಮುದ್ರಿಸಿದಾಗ, ಹಾಡು ಮುಗಿದ ಕೂಡಲೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಪ್ಲೇಟು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾವ ಮೇಣದ ತಟ್ಟೆ ಯಾರದು ಅಂತ ಅಲ್ಲಿಯ ಕೆಲಸಗಾರರಿಗೆ ಗೊತ್ತಾಗಬೇಕಲ್ಲ. ಕಾರ್ಖಾನೆಯ ಅನುಕೂಲಕ್ಕೆ ಮಾಡಿದ ಉಪಾಯದಿಂದ ಒಂದು ಹೆಸರು ಹಾಡಿನೊಳಗೇ ಉಳಿದುಬಿಟ್ಟಿತು. ಆಕೆ 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ, ಅರಮನೆಯ ಸಂಗೀತಗಾರ್ತಿಯಾಗಿ. ಪ್ಲೇಟು ಹಾಕಿದರೆ ಇವತ್ತೂ ಹೆಸರು ಹೇಳುತ್ತಾರೆ.

ಬಿ-ಸೈಡ್ ಅನ್ನೋ ಮೇಲು-ಕೀಳು ನಮ್ಮ ಹಳೆಯ 78 ಸುತ್ತಿನ ಪ್ಲೇಟುಗಳಿಗೆ ಹಾಗೇ ಹೊಂದಲ್ಲ. ಒಂದು ಮೈಗೆ ಹೆಚ್ಚುಕಮ್ಮಿ ಮೂರು ನಿಮಿಷ. ಸಾಮಾನ್ಯವಾಗಿ ಒಂದು ಕಡೆ ಖಯಾಲು, ಇನ್ನೊಂದು ಕಡೆ ಠುಮರಿ, ಭಜನೆ, ಇಲ್ಲಾ ನಾಟ್ಯಗೀತೆ. ಯಾವುದು ಮುಖ್ಯ ಅಂತ ಕೇಳಿದರೆ ಸಂಗೀತ ಬಲ್ಲವರು ಖಯಾಲಿನ ಕಡೆ ಬೆರಳು ತೋರಿಸುತ್ತಾರೆ. ಆದರೆ ಕೂತು ಕೇಳಿ ನೋಡಿ. ಅರ್ಧ ಗಂಟೆಯ ರಾಗವನ್ನು ಮೂರು ನಿಮಿಷಕ್ಕೆ ಕತ್ತರಿಸಿದಾಗ ಬಹಳಷ್ಟು ಸಲ ಅದು ಗಡಿಬಿಡಿಯ ಊಟದಂತೆ ಇರುತ್ತದೆ. ಠುಮರಿ, ಭಾವಗೀತೆಗಳಿಗೆ ಆ ಮೂರು ನಿಮಿಷ ಅಳತೆ ಕೊಟ್ಟು ಹೊಲಿಸಿದ ಅಂಗಿ. ಗದಗಿನ ಹುಡುಗ ಭೀಮಸೇನ ಜೋಶಿಯನ್ನು ಮನೆ ಬಿಟ್ಟು ಗುರುವನ್ನು ಹುಡುಕುವಂತೆ ಮಾಡಿದ್ದು ಅಬ್ದುಲ್ ಕರೀಂ ಖಾನರ ಒಂದು ಪ್ಲೇಟು ಅನ್ನೋ ಕತೆ ಎಲ್ಲರಿಗೂ ಗೊತ್ತು. ಅದು ಝಿಂಝೋಟಿಯ ಠುಮರಿ ಅನ್ನೋದನ್ನು ಮಾತ್ರ ಮರೆಯುತ್ತೇವೆ. ‘ಹಗುರ’ ಅಂತ ನಾವು ಕರೆಯುವ ಮೈ ಅದು.

ಗಂಗೂಬಾಯಿ ಹಾನಗಲ್ ಅವರ ಎಳೆ ವಯಸ್ಸಿನ ಪ್ಲೇಟುಗಳನ್ನು ಇದೇ ಕಿವಿಯಿಂದ ಕೇಳಬೇಕು. 1930ರ ದಶಕದಲ್ಲಿ ಎಚ್‌ಎಂವಿ ಅವರನ್ನು ಮುಂಬೈಗೆ ಕರೆಸಿ ಮುದ್ರಿಸಿತು. ಲೇಬಲ್ ಮೇಲೆ ಗಂಗೂಬಾಯಿ ಅಂತಿಲ್ಲ, ಗಾಂಧಾರಿ ಅಂತ ಇದೆ, ಜೊತೆಗೆ ಹುಬ್ಬಳ್ಳಿಯ ಹೆಸರು. ಅವುಗಳಲ್ಲಿ ರಾಗಗಳೂ ಇವೆ, ಜಿ.ಎನ್. ಜೋಶಿಯವರ ಜೊತೆ ಹಾಡಿದ ಮರಾಠಿ ಭಾವಗೀತೆಗಳೂ ಇವೆ. ನಮಗೆ ಗೊತ್ತಿರೋ ಗಂಗೂಬಾಯಿಯವರದ್ದು ಗಂಡುದನಿಯಂಥ ಗಟ್ಟಿ ಕಂಠ. ಗಂಟಲಿನ ತೊಂದರೆ, ಅದರ ಚಿಕಿತ್ಸೆ ಎಲ್ಲ ಆದಮೇಲೆ ಬಂದದ್ದು ಅದು. ಈ ಪ್ಲೇಟುಗಳಲ್ಲಿರುವುದು ತೆಳ್ಳನೆಯ, ಚೂಪಾದ, ಹುಡುಗಿಯ ದನಿ. ಅಭಿಮಾನಿಗಳು ‘ಅದು ಆಗಿನ ಕಾಲದ್ದು ಬಿಡ್ರೀ’ ಅಂತ ದಾಟಿಸಿಬಿಡುತ್ತಾರೆ. ದಾಟಿಸಬಾರದು. ದೊಡ್ಡ ಗಂಗೂಬಾಯಿಯವರಿಗೆ ನೂರಾರು ತಾಸಿನ ಸಾಕ್ಷಿ ಇದೆ. ಈ ಹುಡುಗಿಗೆ ಇರೋದು ಅರಗಿನ ಈ ಕೆಲವು ಪ್ಲೇಟು ಮಾತ್ರ, ಕೈಜಾರಿ ಬಿದ್ದರೆ ಹಂಚಿನಂತೆ ಒಡೆಯುವಂಥವು. ಸರಿ, ಭಾವಗೀತೆಗಳು ಎಲ್ಲವೂ ದೊಡ್ಡ ಕೃತಿಗಳಲ್ಲ. ಆದರೆ ಅವುಗಳಲ್ಲಿ ದನಿ ಏರುವಾಗಿನ ನಿರ್ಭಯ ಇದೆಯಲ್ಲ, ಅದು ಮುಂದಿನ ಧ್ವನಿಮುದ್ರಣಗಳಲ್ಲಿ ಬೇರೆ ಏನೋ ಆಗಿಬಿಟ್ಟಿದೆ.

ಅವು ಇವತ್ತು ಕೇಳಲಿಕ್ಕೆ ಸಿಗುತ್ತಿರೋದು ಸಂಗ್ರಹಕಾರರ ಪುಣ್ಯದಿಂದ. ಮುಂಬೈಯಲ್ಲಿ 1990ರಲ್ಲಿ ಸುರೇಶ ಚಾಂದವಣಕರ್ ಮತ್ತು ಗೆಳೆಯರು ಕಟ್ಟಿದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್‌ನಂಥ ಕೂಟಗಳು ಲೇಬಲ್, ನಂಬರು, ಹೆಸರು ಹೊಂದಿಸುವ ಕೆಲಸ ಮಾಡಿದವು. ಎಚ್‌ಎಂವಿಯ ವಾರಸುದಾರ ಈಗ ಸರೆಗಮ. ಅಪ್ಪ-ಅಮ್ಮನಿಗೆ ಕಾರ್ವಾನ್ ರೇಡಿಯೋ ಕೊಡಿಸಿದ ನಮಗೆಲ್ಲ ಗೊತ್ತಿರೋ ಕಂಪನಿ. ಬೀಟಲ್ಸ್‌ನ ಚಿಲ್ಲರೆ ಸಿಂಗಲ್‌ಗಳನ್ನೆಲ್ಲ 1988ರಲ್ಲೇ ‘ಪಾಸ್ಟ್ ಮಾಸ್ಟರ್ಸ್’ ಅಂತ ಎರಡು ಭಾಗ ಮಾಡಿ ಹೊರಗೆ ತಂದರು, ‘ದಿ ಇನ್ನರ್ ಲೈಟ್’ ಅದರಲ್ಲಿದೆ. ಹಾಗೆಯೇ ಗಾಂಧಾರಿಯನ್ನು, ಮಲ್ಲಿಕಾರ್ಜುನ ಮನ್ಸೂರರ ಎಳೆತನದ ಪ್ಲೇಟುಗಳನ್ನು, ಯಾವ ವರ್ಷ, ಹಿಂದೆ ಯಾರು ತಬಲಾ ನುಡಿಸಿದರು ಅನ್ನೋ ಚೀಟಿಯ ಜೊತೆ ಒಂದೇ ಕಡೆ ಕೊಡೋದು ಕಂಪನಿಗೆ ಭಾರೀ ಖರ್ಚಿನ ಬಾಬ್ತೇನಲ್ಲ. ಡೇಟಾಬೇಸಿನಲ್ಲಿ ಕಾಲಮ್ಮು ಖಾಲಿ ಬಿಟ್ಟರೆ ಏನಾಗುತ್ತದೆ ಅಂತ ನಮ್ಮ ಕೆಲಸದವರಿಗೆ ಹೇಳಿಕೊಡಬೇಕಿಲ್ಲ. ಹುಡುಕಿದರೆ ಸಿಗದ ಸಾಲು ಇದ್ದೂ ಇಲ್ಲದಂತೆ.

ಬೆಂಗಳೂರಿನ ಕೆಫೆಗಳಲ್ಲಿ ಈಗ ವಿನೈಲ್ ಫ್ಯಾಶನ್ನು. ಅಪರೂಪದ ಪ್ರೆಸ್ಸಿಂಗ್‌ಗೆ ಸಾವಿರಗಟ್ಟಲೆ ಕೊಟ್ಟು, ಪ್ಲಾಸ್ಟಿಕ್ ಕವರ್ ಬಿಚ್ಚದೆ ಗೋಡೆಗೆ ಹಾಕಿಕೊಳ್ಳೋರಿದ್ದಾರೆ. ಅವರ ದುಡ್ಡು, ಅವರ ಗೋಡೆ. ಆದರೆ ಅಪರೂಪ ಅನ್ನೋದನ್ನು ಇಷ್ಟು ಪ್ರತಿ ಅಷ್ಟು ಪ್ರತಿ ಅಂತ ಅಳೆಯುವ ಈ ಲೆಕ್ಕ ನಮ್ಮ ಕಡೆ ಬಂದರೆ ಸೋತುಹೋಗುತ್ತದೆ. ನಮ್ಮ ಕಡೆ ಅಂದ್ರೆ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡ, ಸೇಡಂ, ಚಿತ್ತಾಪುರ ಈ ಸೀಮೆ. ಇಲ್ಲಿಯ ದೊಡ್ಡ ಸಂಗೀತ ತತ್ವಪದ. ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲಸಾಹೇಬರ ಪದಗಳನ್ನು ಏಕತಾರಿ, ದಮ್ಮಡಿ, ತಾಳ ಹಿಡಿದು ಬೆಳತನಕ ಹಾಡುವ ಭಜನೆಯ ಮೇಳಗಳು. ಪದಗಳು ಸಂಪುಟಗಳಾಗಿ ಅಚ್ಚಾಗಿವೆ, ಎಂ.ಎ. ಪಠ್ಯಕ್ಕೂ ಬಂದಿವೆ. ದನಿ ಅಚ್ಚಾಗಲಿಲ್ಲ. ಎಚ್‌ಎಂವಿಯ ನಾಯಿ ಹುಬ್ಬಳ್ಳಿ-ಧಾರವಾಡದ ತನಕ ಮೂಸಿಕೊಂಡು ಬಂತು, ನಿಜಾಮರ ಸೀಮೆಯ ಈ ಊರುಗಳ ಭಜನೆಕಟ್ಟೆಗೆ ಬರಲಿಲ್ಲ. 1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬಂದಮೇಲೆ ಕೆಲವರ ದನಿ ಗಾಳಿಗೆ ಹೋಯಿತು. ಉಳಿದವರ ಪಾಲಿಗೆ ಎ-ಸೈಡೂ ಇಲ್ಲ, ಬಿ-ಸೈಡೂ ಇಲ್ಲ.

ಇದ್ದದ್ದು ಕ್ಯಾಸೆಟ್ಟು. 80, 90ರ ದಶಕದಲ್ಲಿ ಮನೆಗೊಂದು ಟೇಪ್‌ರೆಕಾರ್ಡರ್ ಬಂದಾಗ ಜನ ತಾವೇ ಕಂಪನಿಯಾದರು. ಅಂಗಡಿಯಲ್ಲಿ ಕೊಂಡ ಸಿನಿಮಾ ಕ್ಯಾಸೆಟ್ಟಿನ ಮೂಲೆಯ ತೂತಿಗೆ ಕಾಗದ ತುರುಕಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಬಹುದು. ನಮ್ಮ ಮನೆಯಲ್ಲಿ ಉಳಿದಿರೋ ಒಂದು ಅಂಥದ್ದೇ. ಒಂದು ಮಗ್ಗಲಿಗೆ ರಾಜಕುಮಾರರ ಹಾಡು ಹಾಗೇ ಇವೆ, ಅಳಿಸೋಕೆ ಯಾರಿಗೂ ಮನಸ್ಸು ಬಂದಿಲ್ಲ. ಇನ್ನೊಂದು ಮಗ್ಗಲಿಗೆ ಶ್ರಾವಣದ ಒಂದು ರಾತ್ರಿಯ ಭಜನೆ. ಮುಂಬೈ ಸ್ಟುಡಿಯೋದ ಅಚ್ಚುಕಟ್ಟು ಇದರಲ್ಲಿ ಇಲ್ಲ. ಮೈಕು ದಮ್ಮಡಿಗೆ ಹತ್ತಿರ, ಹಾಡೋನಿಗೆ ದೂರ. ನಾಯಿ ಬೊಗಳುತ್ತದೆ, ಯಾರೋ ‘ಚಾ ತರ್ರೋ’ ಅಂತಾರೆ, ಬ್ಯಾಟರಿ ಇಳಿದು ರೆಕಾರ್ಡಾದದ್ದರಿಂದ ಕೊನೆಕೊನೆಗೆ ಎಲ್ಲರ ದನಿಯೂ ಸಣ್ಣಗಾಗಿ ಓಡೋಕೆ ಶುರುಮಾಡುತ್ತದೆ. ಆದರೆ ಮುಂದಾಳು ಒಂದು ನುಡಿ ಎತ್ತಿ, ಅರ್ಧಕ್ಕೆ ಬಿಟ್ಟು, ಹಿಂದಿನವರು ಅದನ್ನು ಹಿಡಿದುಕೊಳ್ಳೋತನಕ ಕಾಯುವ ಜಾಗ ಇದೆಯಲ್ಲ, ಆ ಕಾಯುವಿಕೆ ಸ್ಟುಡಿಯೋದಲ್ಲಿ ಮುದ್ರಿಸಿದ ಯಾವ ತತ್ವಪದದ ಕ್ಯಾಸೆಟ್ಟಿನಲ್ಲೂ ನಾನು ಕೇಳಿಲ್ಲ. ಅಲ್ಲಿ ಕೀಬೋರ್ಡು ಬಂದು ಆ ಸಂದನ್ನು ತುಂಬಿಬಿಟ್ಟಿರುತ್ತದೆ.

ಕಲಬುರಗಿಯ ಬಿಸಿಲು ಟೇಪಿಗೆ ಒಳ್ಳೇದಲ್ಲ. ಪತರಾದ ಕೆಳಗೆ ಇಟ್ಟವು ಸುಕ್ಕಾಗಿ, ಅಂಟಿಕೊಂಡು ಹೋಗಿವೆ. ಉಳಿದಿರೋದನ್ನು ಹೋದ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪಿಗೆ ಇಳಿಸಿದೆ. ಕ್ಯಾಸೆಟ್ಟಿನ ಚೀಟಿ ಮೇಲೆ ಇರೋದು ‘ಭಜನಿ’ ಅಂತ ಒಂದೇ ಶಬ್ದ. ಫೈಲಿಗೆ ಹೆಸರು ಇಡಬೇಕಿತ್ತು, ಹಾಗಾಗಿ ಅಗಸಿ ಕಟ್ಟೆ ಮೇಲೆ ಕುಂತವರಿಗೆ ಸ್ಪೀಕರಿಗೆ ಹಾಕಿ ಕೇಳಿಸಿದೆ. ಮುಂದಾಳು ಯಾರು ಅಂತ ಎರಡನೇ ಸಾಲಿಗೇ ಹೇಳಿದರು. ತಾಳದವನನ್ನು ಅವನ ಮಗ ಗುರುತಿಸಿದ, ‘ನಮ್ಮಪ್ಪ ಹಂಗೇ ಒಂದು ಪೆಟ್ಟು ತಪ್ಪತಿದ್ದ’ ಅಂದ. ಹಿಂದಿನ ಸಾಲಿನಲ್ಲಿ ಎಲ್ಲರಿಗಿಂತ ಮ್ಯಾಲೆ ಹೋಗುವ ಒಂದು ಹೆಣ್ಣುದನಿ ಇದೆ. ಅದು ತಮ್ಮ ಓಣಿಯವಳದ್ದು ಅಂತ ಎರಡು ಓಣಿಯವರೂ ಹೇಳುತ್ತಿದ್ದಾರೆ. ಮುಂದಿನ ಅಮಾಸಿಗೆ ಮತ್ತೊಮ್ಮೆ ಹಾಕಿ ಕೇಳೋದು ಅಂತ ಆಗ್ಯದ.