ನಿಧಾನಕ್ಕೆ ಓಡಿದ ಪ್ರೋಗ್ರಾಂ

ದೀಪಾವಳಿಗೆ ಕೆಂಭಾವಿಗೆ ಹೋದಾಗ ಚಿಕ್ಕಪ್ಪನ ಮಗಳು ತನ್ನ ಲ್ಯಾಬ್ ರೆಕಾರ್ಡ್ ತಂದು ಮುಂದಿಟ್ಟಳು. ವಿಟಿಯು 2022ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸ್‌ನವರಿಗೆ ಏಳನೇ ಸೆಮಿಸ್ಟರಿಗೆ ಪ್ಯಾರಲಲ್ ಕಂಪ್ಯೂಟಿಂಗ್ ಇದೆ, ಲ್ಯಾಬ್ ಸಮೇತ. ಓಪನ್‌ಎಂಪಿಯಲ್ಲಿ ಮರ್ಜ್ ಸಾರ್ಟ್ ಬರೆದು, ಸಾದಾ ಓಡಿಸಿದರೆ ಎಷ್ಟು ಹೊತ್ತು, ಪ್ಯಾರಲಲ್ ಓಡಿಸಿದರೆ ಎಷ್ಟು ಹೊತ್ತು ಅಂತ ತೋರಿಸಬೇಕು.

"ಅಣ್ಣಾ, ನಂದು ಪ್ಯಾರಲಲ್‌ದಾಗೇ ನಿಧಾನ ಬಂತು. ಸರ್ ನೋಡಿ, ಹಂಗ ಬರೀಬ್ಯಾಡ, ಕಮ್ಮಿ ಬಂದದಂತ ಬರಿ ಅಂದ್ರು. ಬರ್ದೀನಿ."

ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದೆ. ಸಾವಿರ ಸಂಖ್ಯೆ, ಎಂಟು ಥ್ರೆಡ್. ನಿಧಾನವೇ. ಅದು ತಪ್ಪಲ್ಲ, ಅದೇ ಸರಿಯಾದ ಉತ್ತರ! ಅರ್ಧ ಎಕರೆ ಹತ್ತಿ ಬಿಡಿಸಲು ನಲವತ್ತು ಆಳು ಕರೆದರೆ, ಅವರನ್ನು ಟಂಟಂನಲ್ಲಿ ತಂದು, ಸಾಲು ಹಂಚುವಷ್ಟರಲ್ಲಿ ಮನೆಯವರೇ ಬಿಡಿಸಿ ಮುಗಿಸಿರುತ್ತಾರೆ. ಹೊಲ ದೊಡ್ಡದಾದರೆ ಲೆಕ್ಕ ಬೇರೆ. ಆಗಲೂ ತೂಕದ ಕಾಟಾ ಒಂದೇ ಇದ್ದರೆ ಎಲ್ಲರೂ ಅಲ್ಲಿ ಸಾಲು ನಿಲ್ಲಬೇಕು. ಜೀನ್ ಆಮ್ಡಾಲ್ 1967ರಲ್ಲೇ ಇದನ್ನು ವಾದಿಸಿದ್ದ: ಕೆಲಸದ ಹತ್ತರಲ್ಲೊಂದು ಪಾಲು ಹಂಚಲಾಗದಿದ್ದರೆ, ಸಾವಿರ ಪ್ರೊಸೆಸರ್ ಹಾಕಿದರೂ ವೇಗ ಹತ್ತು ಪಟ್ಟು ದಾಟದು.

ಸಂಖ್ಯೆಯನ್ನು ಕೋಟಿಗೆ ಏರಿಸಿದೆವು. ಪ್ಯಾರಲಲ್ ಗೆದ್ದಿತು. ಹುಡುಗಿ ಕಣ್ಣರಳಿಸಿ, "ಇಷ್ಟೇನಾ?" ಅಂದಳು.

ಮೇಷ್ಟ್ರನ್ನು ಬೈಯುವುದು ಸುಲಭ. ಫೋನಿನಲ್ಲಿ ಮಾತಾಡಿದೆ. ಪ್ರಾಮಾಣಿಕ ಮನುಷ್ಯ. ಐದು ದಿನದ ಆನ್‌ಲೈನ್ ಎಫ್‌ಡಿಪಿ ಮುಗಿಸಿದ್ದಾರೆ, ಸರ್ಟಿಫಿಕೇಟ್ ಇದೆ. "ನಿಧಾನ ಆಗ್ತದಂತ ಅಲ್ಲಿ ಯಾರೂ ತೋರಿಸಿಲ್ರೀ. ಎಕ್ಸ್‌ಟರ್ನಲ್ ಕೇಳಿದ್ರ ನಾ ಏನ್ ಹೇಳ್ಲಿ?"

ನನ್ನ ತಕರಾರು ಇರುವುದು ಆ ಐದು ದಿನದ ಬಗ್ಗೆ. 2015ರಲ್ಲಿ ₹4,500 ಕೋಟಿಯ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಶುರುವಾಯಿತು. ಬೆಂಗಳೂರಿನ ಐಐಎಸ್‌ಸಿಯಲ್ಲಿ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಕೂತಿದೆ. ಖರಗಪುರ, ಮದ್ರಾಸ್, ಗೋವಾ, ಪಾಲಕ್ಕಾಡ್ ಐಐಟಿಗಳಲ್ಲಿ ತರಬೇತಿ ಕೇಂದ್ರಗಳಿವೆ. ಸಂತೋಷ. ಆದರೆ ನಮ್ಮ ಕಡೆಯ ಮೇಷ್ಟ್ರಿಗೆ ಸಿಗುವುದು ಸ್ಲೈಡು, ಕೊನೆಗೊಂದು ಕ್ವಿಜ್ಜು. ಎಲ್ಲ ಡೆಮೊಗಳೂ ಗೆದ್ದ ಡೆಮೊಗಳೇ. ಸೋತ ಪ್ರೋಗ್ರಾಂ ಎದುರಿಗೆ ನಿಲ್ಲುವುದನ್ನು ಕಲಿಸದ ತರಬೇತಿ, ಮೇಷ್ಟ್ರಿಗೆ ಧೈರ್ಯದ ಬದಲು ಭಯ ಕೊಟ್ಟು ಕಳಿಸುತ್ತದೆ. ಆ ಭಯವೇ ರೆಕಾರ್ಡಿನಲ್ಲಿ ಸುಳ್ಳು ಟೈಮ್ ಬರೆಸುವುದು.

ಇದಕ್ಕೆ ಸೂಪರ್‌ಕಂಪ್ಯೂಟರ್ ಬೇಕಿಲ್ಲ. ಲ್ಯಾಬಿನ ನಾಲ್ಕು ಕೋರಿನ ಪಿಸಿ, ಪುಕ್ಕಟೆ ಸಿಗುವ ಜಿಸಿಸಿ ಸಾಕು. ಐದು ದಿನ ಒಟ್ಟಿಗೆ ಸುರಿಯುವ ಬದಲು, ಸೆಮಿಸ್ಟರ್ ಪೂರ್ತಿ ತಿಂಗಳಿಗೊಂದು ಶನಿವಾರ ಇಡಿ. ಮೇಷ್ಟ್ರು ತಮ್ಮ ಕೈಯಾರೆ ಲಾಕ್ ತೆಗೆದುಹಾಕಿ, ಮೊತ್ತ ಒಂದೊಂದು ಸಲ ಒಂದೊಂದು ಬರುವುದನ್ನು ನೋಡಲಿ. ವಿದ್ಯಾರ್ಥಿಗಳ ವಿಚಿತ್ರ ಔಟ್‌ಪುಟ್ ಹೊತ್ತು ಮುಂದಿನ ಶನಿವಾರ ಬರಲಿ. "ಗೊತ್ತಿಲ್ಲ, ನೋಡೋಣ" ಅನ್ನುವುದು ಅವಮಾನವಲ್ಲ ಅಂತ ಅಲ್ಲಿ ಒಬ್ಬರಾದರೂ ಹೇಳಲಿ.

ವಾಪಸ್ ಬೆಂಗಳೂರಿನ ಬಸ್ಸಿನಲ್ಲಿ ಕೂತಾಗ ಅವಳ ಮೆಸೇಜು ಬಂತು. ರೆಕಾರ್ಡಿನ ಆ ಪುಟ ಹರಿದು, ಎರಡೂ ಟೈಮ್ ಬರೆದು, ಕಾರಣವನ್ನೂ ಸೇರಿಸಿದ್ದಾಳೆ. ಮೇಷ್ಟ್ರು ಸಹಿ ಹಾಕಿದ್ದಾರಂತೆ.