ಸರಿಯಾದ ಜಾಗಕ್ಕೆ ಬಂದ ಬೀಗ

ಲಿನಕ್ಸ್ ಕರ್ನಲ್ಲಿನ ನೆಟ್‌ವರ್ಕ್ ಕೋಡಿನಲ್ಲಿ 2016ರ ಡಿಸೆಂಬರ್‌ನಲ್ಲಿ ನಡೆದ ಒಂದು ರಿಪೇರಿ ನನಗೆ ಅಚ್ಚುಮೆಚ್ಚು.

ಹಾದುಹೋಗುವ ಪ್ಯಾಕೆಟ್‌ಗಳನ್ನು ಇದ್ದಹಾಗೇ ಓದಲು ಅಲ್ಲಿ ಪ್ಯಾಕೆಟ್ ಸಾಕೆಟ್ ಎಂಬ ಸೌಲಭ್ಯವಿದೆ. ಅದರ ಬಫರಿಗೆ ಮೂರು ಆವೃತ್ತಿ. 2011ರಲ್ಲಿ ಸೇರಿದ ಮೂರನೆಯದು ಬಫರ್ ಜತೆಗೆ ಒಂದು ಟೈಮರನ್ನೂ ಹೂಡುತ್ತದೆ. ಬಫರ್ ಇರುವಾಗ ಆವೃತ್ತಿ ಬದಲಿಸುವಂತಿಲ್ಲ ಎಂಬ ತಪಾಸಣೆಯೂ ಇತ್ತು. ಆದರೆ ಒಂದು ಥ್ರೆಡ್ ಟೈಮರ್ ಹೂಡಿ, ಬಫರನ್ನು ಇನ್ನೂ ದಾಖಲಿಸದ ಆ ಕಿರುಗಳಿಗೆಯಲ್ಲಿ ಇನ್ನೊಂದು ಥ್ರೆಡ್ ಬಂದರೆ? ಬಫರ್ ಇಲ್ಲವೆಂದು ತಿಳಿದು ಆವೃತ್ತಿಯನ್ನು ಒಂದಕ್ಕೆ ಇಳಿಸಿಬಿಡುತ್ತದೆ. ಸಾಕೆಟ್ ಮುಚ್ಚುವಾಗ ಕರ್ನಲ್ ಆವೃತ್ತಿ ನೋಡಿ, ನಿಲ್ಲಿಸಬೇಕಾದ ಟೈಮರ್ ಯಾವುದೂ ಇಲ್ಲವೆಂದು ಮೆಮೊರಿಯನ್ನು ಬಿಟ್ಟುಕೊಡುತ್ತದೆ. ಟೈಮರ್ ಮಾತ್ರ ಹೊತ್ತಿಗೆ ಸರಿಯಾಗಿ ಎದ್ದು, ತನ್ನದಲ್ಲದ ಜಾಗಕ್ಕೆ ಕೈಹಾಕುತ್ತದೆ. ಈ ಸಂದಿಯಿಂದ ಸಾಮಾನ್ಯ ಬಳಕೆದಾರನೂ ರೂಟ್ ಆಗಬಹುದಿತ್ತು. ಐದು ವರ್ಷ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ರಿಪೇರಿ ಎಷ್ಟು ಚಿಕ್ಕದು ನೋಡಿ. ಬಫರ್ ಸಿದ್ಧಪಡಿಸುವ ಫಂಕ್ಷನ್ನಿನಲ್ಲಿ ಸಾಕೆಟ್ಟಿನ ಲಾಕ್ ಮೊದಲೇ ಇತ್ತು, ಆದರೆ ತಡವಾಗಿ ಬರುತ್ತಿತ್ತು. ಅದನ್ನು ಫಂಕ್ಷನ್ನಿನ ಆರಂಭಕ್ಕೇ ತಂದರು. ಆವೃತ್ತಿ ಬದಲಿಸುವವರೂ ಅದೇ ಲಾಕ್ ಹಿಡಿದ ಮೇಲೆಯೇ ಬಫರ್ ಇದೆಯೇ ಎಂದು ನೋಡಬೇಕೆಂದು ಮಾಡಿದರು. ಅಷ್ಟೇ. ಹೊಸ ಲಾಕ್ ಹುಟ್ಟಿಸಲಿಲ್ಲ, ಪ್ಯಾಕೆಟ್ ಸಾಗುವ ದಾರಿಯನ್ನು ಮುಟ್ಟಲಿಲ್ಲ.

ಸಾವಿರ ಸಾಲಿನ ಹೊಸ ಕೋಡನ್ನು ಹೊಗಳುವವರು ಬಹಳ. ನೋಡುವುದಕ್ಕೂ ಬದಲಿಸುವುದಕ್ಕೂ ನಡುವಿನ ಬಿರುಕನ್ನು ಹೀಗೆ ಬೆರಳೆಣಿಕೆಯ ಸಾಲುಗಳಲ್ಲಿ ಮುಚ್ಚುವುದು ಅದಕ್ಕಿಂತ ದೊಡ್ಡ ಕಸುಬುದಾರಿಕೆ.