ಬಾವುಟ ಬದಲಿಸಿದವರು: ಬ್ರೆಕ್ಟ್‌ನ ನಾಟಕದಲ್ಲಿ ಮೈತ್ರಿಯ ತರ್ಕ

ಮೂವತ್ತು ವರ್ಷಗಳ ಯುದ್ಧವನ್ನು (1618–1648) ಹಿನ್ನೆಲೆಯಾಗುಳ್ಳ ಬ್ರೆಕ್ಟ್‌ನ ‘ಮದರ್ ಕರೇಜ್’ (1939) ನಾಟಕವನ್ನು ಯುದ್ಧವಿರೋಧಿ ಕೃತಿಯೆಂದಷ್ಟೇ ಓದಿದರೆ ಸಾಲದೆಂಬುದು ನಮ್ಮ ಅಭಿಪ್ರಾಯ. 1631ರ ಜನವರಿಯಲ್ಲಿ, ಬೇರ್‌ವಾಲ್ಡೆ ಒಪ್ಪಂದದ ಮೂಲಕ, ಫ್ರಾನ್ಸಿನ ಮಂತ್ರಿ ಕಾರ್ಡಿನಲ್ ರಿಶೆಲ್ಯೂ ಸ್ವೀಡನ್ನಿನ ಲೂಥರನ್ ದೊರೆ ಗುಸ್ಟಾವಸ್ ಅಡಾಲ್ಫಸನಿಗೆ ವರ್ಷಕ್ಕೆ 4 ಲಕ್ಷ ಟಾಲರುಗಳ ನೆರವು ನೀಡಲೊಪ್ಪಿದನು. ಎದುರಾಳಿಯಾದರೋ ಕ್ಯಾಥೊಲಿಕನೇ ಆದ ಹ್ಯಾಬ್ಸ್‌ಬರ್ಗ್ ಚಕ್ರವರ್ತಿ. ಧರ್ಮಯುದ್ಧದೊಳಗಿನ ಈ ರಾಜನೀತಿಯನ್ನು ಬ್ರೆಕ್ಟ್ ರಂಗಕ್ಕೆ ತರುವುದಿಲ್ಲ. ಆದರೆ ಮೂರನೆಯ ದೃಶ್ಯದಲ್ಲಿ ಕ್ಯಾಥೊಲಿಕ್ ಪಡೆ ಮೇಲೆರಗಿದೊಡನೆ ಕರೇಜ್ ಬಾವುಟವನ್ನು ಬದಲಿಸುವುದರ ಹಿಂದೆ, ಮತಕ್ಕಿಂತ ಸ್ವಹಿತ ಮೊದಲೆಂಬ ಅದೇ ತರ್ಕವಿದೆ. ಭೇದವಿರುವುದು ಫಲದಲ್ಲಿ. ಕಾರ್ಡಿನಲನಿಗೆ ವ್ಯವಹಾರದಿಂದ ಮಿತ್ರನೊಬ್ಬನು ದೊರೆತನು. ಸೆರೆಸಿಕ್ಕ ಮಗನ ಬಿಡುಗಡೆಗೆ ಕೇಳಿದ 200 ಗುಲ್ಡನ್ ಲಂಚದಲ್ಲಿ ಚೌಕಾಸಿಗಿಳಿದ ಕರೇಜ್ ಮಗನನ್ನೇ ಕಳೆದುಕೊಂಡಳು. ಒಂದೇ ತರ್ಕವು ದೊಡ್ಡವರಿಗೆ ನೀತಿಯಾಗಿ, ಸಣ್ಣವರಿಗೆ ಮೃತ್ಯುವಾಗುವ ಈ ವಿಷಮತೆಯಲ್ಲಿಯೇ ನಾಟಕದ ನಿಜವಾದ ಶಕ್ತಿಯನ್ನು ನಾವು ಕಾಣುತ್ತೇವೆ.